ಇನ್ನೊಂದು ಸಲ ಎಂದವನು

ಇದು ನಡೆದದ್ದು. ನಂಬಿ ಎಂದು ನಿಮ್ಮನ್ನು ಕೇಳಿಕೊಳ್ಳುವುದಿಲ್ಲ, ಯಾಕೆಂದರೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಸದ್ದುಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಕಸುಬು. ಕೆಮ್ಮು ತೆಗೆಯುತ್ತೇನೆ, ಉಸಿರು ತೆಗೆಯುತ್ತೇನೆ, ತಡವರಿಸಿದ್ದನ್ನು ತೆಗೆಯುತ್ತೇನೆ. ಇಬ್ಬರು ಬೇರೆ ಬೇರೆ ದಿನ ಬಂದು ಓದಿದ್ದನ್ನು ಎದುರುಬದುರು ಕೂತು ಮಾತಾಡಿದಂತೆ ಮಾಡಿಕೊಡುತ್ತೇನೆ. ನೆನಪು ಮಾಡುವುದೂ ಇದೇ ಕೆಲಸ. ಆದ್ದರಿಂದ ಮುಂದೆ ಎಲ್ಲಾದರೂ ಸಂಗತಿಗಳು ತೀರ ಚೆನ್ನಾಗಿ ಕೂಡಿಬಂದವು ಅನ್ನಿಸಿದರೆ ಅಲ್ಲಿ ನನ್ನನ್ನು ಅನುಮಾನಿಸಿ.

ಆದರೆ ಕುರ್ಚಿಯ ಮೇಲೆ ಬಿದ್ದಿದ್ದ ಪುಡಿಯನ್ನು ನಾನು ಬೆರಳಿನಿಂದ ಮುಟ್ಟಿದ್ದೇನೆ. ಅದನ್ನು ಅನುಮಾನಿಸಲು ನನಗೇ ಆಗಿಲ್ಲ.

ಪುಣೆಯಲ್ಲಿ ಹಳೆಯ ರಾಕ್ ಹಾಡುಗಳ ಹುಚ್ಚಿರುವವರಿಗೆ ಆ ಹಾಡು ಗೊತ್ತು. ಹೆಸರು ಹೇಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಇಲ್ಲಿಯದೇ ಕಾಲೇಜು ಹುಡುಗರ ಒಂದು ಬ್ಯಾಂಡ್ ಮಾಡಿದ ಇಂಗ್ಲಿಷ್ ಹಾಡು. ಒಂದೇ ಒಂದು ಸಣ್ಣ ರೆಕಾರ್ಡ್ ಬಂತು, ಬ್ಯಾಂಡ್ ಮುರಿಯಿತು. ಈಗ ಇಂಟರ್ನೆಟ್ಟಿನಲ್ಲಿ ಅದನ್ನು ಹುಡುಕಿಕೊಂಡು ಕೇಳುವ ಹೊಸ ಹುಡುಗರಿದ್ದಾರೆ.

ಹಾಡು ಶುರುವಾಗುವುದು ಒಂದು ಹೆಣ್ಣುದನಿಯಿಂದ. ಪದವಿಲ್ಲ. ಉದ್ದನೆಯ ಒಂದು ‘ಓ...’, ಅಷ್ಟೆ. ಆ ದನಿ ಇಳಿಯುವಾಗ ಗಿಟಾರು ಅದರ ಬೆನ್ನು ಹತ್ತುತ್ತದೆ. ಕೊನೆಗೆ ಎಲ್ಲ ವಾದ್ಯಗಳೂ ಒಂದೊಂದಾಗಿ ಸಣ್ಣಗಾಗಿ, ಮುಗಿಯಿತು ಅನ್ನುವಾಗ, ಧಡ್ ಎಂದು ಒಂದೇ ಒಂದು ಪೆಟ್ಟು. ಅದು ಯಾವ ಡ್ರಮ್ಮು ಎಂಬುದರ ಬಗ್ಗೆ ಅಭಿಮಾನಿಗಳಲ್ಲಿ ದೊಡ್ಡ ಚರ್ಚೆಯೇ ಇದೆ. ಆ ಹೆಂಗಸು ಯಾರು ಎಂಬುದರ ಬಗ್ಗೆಯೂ. ಕೊಂಕಣದ ಮೀನುಗಾರ ಹೆಂಗಸು ಎಂದು ಒಬ್ಬ, ಚರ್ಚಿನಲ್ಲಿ ಹಾಡುವವಳು ಎಂದು ಇನ್ನೊಬ್ಬ.

ನನಗೆ ಈ ಹಾಡಿನ ಹುಚ್ಚು ಹತ್ತಿಸಿದವರು ನನ್ನ ಅಪ್ಪ. ಕುಂದಾಪುರದ ಕಡೆಯಿಂದ ಬಂದು ಮಾರ್ಕೆಟ್ ಯಾರ್ಡ್ ಹತ್ತಿರ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಆ ಬ್ಯಾಂಡಿನ ಹುಡುಗರು ಅಲ್ಲಿಯೇ ತಿಂಡಿ ತಿನ್ನುತ್ತಿದ್ದರಂತೆ. ಇಂಗ್ಲಿಷ್ ಹಾಡು ಅಪ್ಪನ ಹತ್ತಿರ ಇದ್ದದ್ದು ಅದೊಂದೇ. ಹೋಟೆಲಿಗೆ ರಜೆಯಿದ್ದ ದಿನ ಹಾಕುತ್ತಿದ್ದರು. ಹಾಕಿ, ಗ್ರಾಮಫೋನಿನ ಪಕ್ಕದಲ್ಲೇ ನಿಂತಿರುತ್ತಿದ್ದರು. ಹಾಡು ಮುಗಿಯುವ ಮುಂಚೆ ಮುಳ್ಳು ಎತ್ತಿಬಿಡುತ್ತಿದ್ದರು.

ಕೊನೆಯ ಆ ಪೆಟ್ಟನ್ನು ನಾನು ಮೊದಲು ಕೇಳಿದ್ದು ಕಾಲೇಜಿಗೆ ಹೋದ ಮೇಲೆ, ಗೆಳೆಯನ ಮನೆಯಲ್ಲಿ. ನಮ್ಮ ರೆಕಾರ್ಡಿನಲ್ಲಿ ಇದು ಇಲ್ಲವಲ್ಲ ಅಂದುಕೊಂಡಿದ್ದೆ.

ಅಪ್ಪ ಪ್ರತಿ ಸಲವೂ ಮುಳ್ಳು ಎತ್ತುತ್ತಿದ್ದರೇ? ಒಂದೆರಡು ಸಲ ಎತ್ತಿದ್ದನ್ನು ನಾನು ‘ಯಾವಾಗಲೂ’ ಎಂದು ಜೋಡಿಸಿಕೊಂಡಿದ್ದೇನೆಯೇ? ಹೇಳಲಾರೆ. ಅಪ್ಪ ಈಗ ಇಲ್ಲ.

ಇಷ್ಟು ಹಿನ್ನೆಲೆ.

ಆ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಿದ್ದ ಸಾಠೆ ಕಾಕಾ ಕಳೆದ ಚಳಿಗಾಲದಲ್ಲಿ ನನ್ನ ಸ್ಟುಡಿಯೋಗೆ ಬಂದರು. ಸ್ಟುಡಿಯೋ ಎಂದರೆ ಸದಾಶಿವ ಪೇಠದಲ್ಲಿ ನಡುವೆ ಅಂಗಳವಿರುವ ಒಂದು ಹಳೆಯ ವಾಡೆಯ ಮಹಡಿ. ಕೆಳಗಿನ ಮನೆಗಳೆಲ್ಲ ಖಾಲಿ. ವಾಡೆ ಕೆಡವಿ ಕಟ್ಟುವ ಮಾತು ನಡೆದಿದ್ದರಿಂದ ಬಾಡಿಗೆಯವರು ಬಿಟ್ಟುಹೋಗಿದ್ದರು, ಮೇಲೆ ನಾನೊಬ್ಬನೇ ಉಳಿದಿದ್ದೆ. ಕಾಕಾ ಚೀಲದಿಂದ ಒಂದು ಸ್ಪೂಲ್ ಟೇಪ್ ತೆಗೆದು ಮೇಜಿನ ಮೇಲಿಟ್ಟರು. ಹಾಡನ್ನು ಮತ್ತೆ ಹೊಸದಾಗಿ ಹೊರತರುತ್ತಾರಂತೆ. ಹಾಡಿನ ಮೊದಲ ಆ ಹೆಣ್ಣುದನಿ, ಕೊನೆಯ ಆ ಪೆಟ್ಟು, ಎರಡೂ ಈ ಟೇಪಿನಿಂದಲೇ ತೆಗೆದದ್ದು. ಅವೆರಡನ್ನು ಚೊಕ್ಕಟ ಮಾಡಿಕೊಡು ಎಂದರು.

ಮಿಕ್ಕದ್ದು ಏನು ಎಂದು ಕೇಳಿದೆ.

ಮಿಕ್ಕದ್ದು ಕಸ, ಕೇಳುವ ಅಗತ್ಯವಿಲ್ಲ, ಕೆಲಸವಾದ ಮೇಲೆ ಅಳಿಸಿಬಿಡು ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಹೇಳುವಾಗ ನನ್ನನ್ನು ನೋಡಲಿಲ್ಲ. ಮೆಟ್ಟಿಲಿಳಿಯುವಾಗ ಮತ್ತೆ ನಿಂತು, ಕೇಳಬೇಡ, ಕತ್ತರಿಸು, ಅಷ್ಟೇ ಎಂದರು. ಕೇಳದೆ ಕತ್ತರಿಸುವುದು ಹೇಗೆ? ಐವತ್ತು ವರ್ಷ ಸಂಗೀತದಲ್ಲಿ ಕಳೆದವರು ಆಡುವ ಮಾತೇ ಅದು?

ಹಗಲೆಲ್ಲ ನಮ್ಮ ಓಣಿಯಲ್ಲಿ ಸ್ಕೂಟರುಗಳ ಗಲಾಟೆ, ಕೋಚಿಂಗ್ ಕ್ಲಾಸಿನ ಹುಡುಗರ ಗಲಾಟೆ. ಹಳೆಯ ಟೇಪಿನ ಕೆಲಸ ರಾತ್ರಿಯೇ ಆಗಬೇಕು. ಹಳೆಯ ಟೇಪು ಒಂದು ಸಲ ಓಡಿದರೆ ಅದರ ಮೇಲೆ ಸದ್ದು ಹಿಡಿದಿಟ್ಟ ಕಂದು ಪುಡಿ ಉದುರಿ ಮತ್ತೆ ಓಡದೆಯೂ ಹೋಗಬಹುದು. ಹಾಗಾಗಿ ಮೊದಲ ಓಟದಲ್ಲೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ರೂಢಿ. ಅವತ್ತು ರಾತ್ರಿ ಹಾಗೇ ಮಾಡಿದೆ. ದೀಪ ಒಂದೇ. ಕಿವಿಗೆ ಹೆಡ್‌ಫೋನ್.

ಮೊದಲು ಬರೀ ಸುಯ್ಲು, ಖಾಲಿ ಟೇಪು ಓಡುವ ಸದ್ದು...

ಆಮೇಲೆ ದೂರದಲ್ಲಿ ಹಲವು ಗಂಡಸರು ಒಟ್ಟಿಗೆ ಉಸಿರು ಬಿಗಿಹಿಡಿದು ‘ಹೈಸಾ’ ಎಂದರು. ನಡುವೆ ಹತ್ತಿರದಲ್ಲೇ ಒಬ್ಬ ಹೆಂಗಸು. ಎಳೆಯ ದನಿ.

“ಮ್ಯಾಲ ಬರಲಿ...”

ಹೈಸಾ.

“ಇನ್ನೊಂದು ಕೈ...”

ಹೈಸಾ.

ಕನ್ನಡ! ಹೈದರಾಬಾದ್ ಕರ್ನಾಟಕದ ಕಡೆಯ ಕನ್ನಡ. ಇಷ್ಟು ವರ್ಷ ನಾನು ಕೇಳಿದ, ಕೊಂಕಣದ್ದು, ಚರ್ಚಿನದ್ದು ಎಂದು ಜನ ಜಗಳವಾಡುವ ಆ ದನಿ, ಕಲ್ಲು ಎತ್ತುವವರಿಗೆ ಕೂಗು ಹಾಕುವ ಒಬ್ಬ ಕೂಲಿ ಹೆಂಗಸಿನದು. ನನಗೆ ನಗು ಬಂತು. ಎಲ್ಲರಿಗಿಂತ ಮೊದಲು ಈ ಗುಟ್ಟು ತಿಳಿದವನು ನಾನು ಎಂಬ ಸಣ್ಣ ಹೆಮ್ಮೆಯೂ ಬಂತು.

ಅಷ್ಟರಲ್ಲಿ ವಾಸನೆ.

ಹಸಿ ಸುಣ್ಣದ ವಾಸನೆ, ಬೆವರಿನಲ್ಲಿ ನೆನೆದ ಹಗ್ಗದ ವಾಸನೆ. ನನ್ನ ಕೋಣೆಯ ಕಿಟಕಿಗಳಿಗೆ ಸದ್ದು ಬರದಂತೆ ದಪ್ಪ ಹಲಗೆ ಹೊಡೆದಿದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದೆ. ತಲೆಯ ಮೇಲಿನ ಮರದ ತೊಲೆ ಕಿರ್... ಎಂದಿತು. ಹಳೆಯ ವಾಡೆಗಳ ತೊಲೆ ಚಳಿಗೆ ಸದ್ದು ಮಾಡುವುದುಂಟು. ಆದರೆ ಇದು ಟೇಪಿನೊಳಗಿನ ಗಂಡಸರು ‘ಹೈಸಾ’ ಎಂದಾಗಲೆಲ್ಲ ಕಿರ್ ಎನ್ನುತ್ತಿತ್ತು. ಭಾರ ಒಂದೊಂದು ಗೇಣು ಮೇಲೇರಿದಂತೆ.

ಮೇಲೆ ನೋಡಲಿಲ್ಲ. ಯಾಕೋ... ನೋಡಬಾರದು ಅನ್ನಿಸಿತು.

ಟೇಪಿನಲ್ಲಿ ಗಂಡಸರು ಸುಮ್ಮನಾದರು. ಏನನ್ನೋ ಎತ್ತಿ ಹಿಡಿದುಕೊಂಡಿದ್ದಾರೆ ಎಂದು ಅವರ ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಆಗ ಮೈಕಿಗೆ ತೀರ ಹತ್ತಿರ, ಅಂದರೆ ನನ್ನ ಕಿವಿಯೊಳಗೇ, ಒಬ್ಬ ಗಂಡಸು ಮೆಲ್ಲಗೆ, ಮರ್ಯಾದೆಯಿಂದ ಕೇಳಿಕೊಂಡ.

“ಅಮ್ಮಾ, ಆ ಕಡೇದ್ದು... ಇನ್ನೊಂದ್ ಸಲ ಹೇಳಿ ಕಾಂಬ.”

ಕೂಡಲೇ ಆ ಹೆಂಗಸು ದೊಡ್ಡ ದನಿಯಲ್ಲಿ, ಉದ್ದಕ್ಕೆ, “ಬಿಡ್ರಪ್ಪೋ...” ಎಂದಳು.

ಹಾಡಿನ ಆ ‘ಓ...’ ಇದೇ. ‘ಬಿಡ್ರಪ್ಪ’ವನ್ನು ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡಿದ್ದಾರೆ.

ಗೋಡೆಯಾಚೆಯಿಂದ ಬಂದಂತೆ ಹಲವು ದನಿಗಳು “ಬಿಟ್ಟೇವೋ” ಎಂದವು. ಆ ಉತ್ತರ ಟೇಪಿನಿಂದ ಬರಲಿಲ್ಲ ಎಂದು ನನ್ನ ನೆನಪು. ಸರಿಸಿದ್ದ ಕಿವಿಗೆ ಕೇಳಿತು. ಕೆಳಗಿನ ಖಾಲಿ ಅಂಗಳದಿಂದ.

ನಾನು ಕುರ್ಚಿಯಿಂದ ಹಾರಿ ಬಾಗಿಲ ಕಡೆ ಬಿದ್ದೆ. ಬಿಟ್ಟೇವೋ ಎಂದ ಮೇಲೆ ಕೆಳಗೆ ಕೂತಿರುವವನು ಹಾರಲೇಬೇಕಲ್ಲ.

ಧಡ್.

ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ, ಹಾಡಿನ ಕೊನೆಯ ಆ ಪೆಟ್ಟು. ಅದರ ಹಿಂದೆಯೇ ಕೂಗಾಟ, ಓಡಾಟ. ಟೇಪು ನಿಂತುಹೋಯಿತು.

ಕುರ್ಚಿ ಇದ್ದಲ್ಲೇ ಇತ್ತು. ತೊಲೆಯೂ ನೆಟ್ಟಗಿತ್ತು. ಕುರ್ಚಿಯ ಮೇಲೆ ಮಾತ್ರ, ನಾನು ಕೂತಿದ್ದ ಜಾಗದಲ್ಲಿ, ಬೆರಳಿನಿಂದ ಬರೆಯಬಹುದಾದಷ್ಟು ಕಲ್ಲಿನ ನುಣ್ಣನೆಯ ಪುಡಿ. ಮುಟ್ಟಿದೆ. ತಣ್ಣಗಿತ್ತು. ಆ ತೊಲೆ ಮರದ್ದು.

ಬೆಳಿಗ್ಗೆ ಹುರುಪು ತಂದುಕೊಂಡು ಕಂಪ್ಯೂಟರಿನಲ್ಲಿ ಇಳಿಸಿದ್ದನ್ನು ತೆರೆದೆ. ಹೆಂಗಸಿನ ಕೂಗುಗಳಿದ್ದವು, ಹೈಸಾಗಳಿದ್ದವು, ಬಿಡ್ರಪ್ಪೋ ಇತ್ತು, ಪೆಟ್ಟು ಇತ್ತು. ಆ ಗಂಡಸಿನ ಮಾತು ಇರಬೇಕಾದ ಕಡೆ ಬರೀ ಸುಯ್ಲು. ಎಷ್ಟು ಜೋರು ಮಾಡಿದರೂ ಸುಯ್ಲು. ಟೇಪನ್ನೇ ಮತ್ತೆ ಓಡಿಸೋಣವೆಂದರೆ ಆ ಜಾಗದಲ್ಲಿ ಕಂದು ಪುಡಿ ಪೂರ್ತಿ ಉದುರಿ, ಪಟ್ಟಿ ಗಾಜಿನಂತೆ ಪಾರದರ್ಶಕವಾಗಿತ್ತು.

ಕಾಂಬ ಎಂಬುದು ಕುಂದಾಪುರದವರ ಮಾತು. ನಮ್ಮ ಮನೆಯ ಮಾತು. ಅಪ್ಪ ಎದ್ದರೆ ಕಾಂಬ, ಕೂತರೆ ಕಾಂಬ.

ಇಲ್ಲೇ ನೀವು ನನ್ನನ್ನು ಅನುಮಾನಿಸಬೇಕು. ನಾನೂ ಅನುಮಾನಿಸಿದೆ. ಮುಳ್ಳು ಎತ್ತುತ್ತಿದ್ದ ಅಪ್ಪ, ಟೇಪಿನಲ್ಲಿ ಕಾಂಬ ಎನ್ನುವ ಗಂಡಸು... ಇಷ್ಟು ಸರಿಯಾಗಿ ಹೊಂದುವುದನ್ನು ನನ್ನ ತಲೆಯೇ ರಾತ್ರಿ ಹೊಲಿದಿರಬಹುದು. ಸುಯ್ಲಿನೊಳಗೆ ನಮಗೆ ಬೇಕಾದವರ ದನಿ ಕೇಳುವುದು ಈ ಕಸುಬಿನವರಿಗೆ ಹೊಸದಲ್ಲ.

ಸಾಠೆ ಕಾಕಾರಿಗೆ ಫೋನು ಮಾಡಿದೆ. ಕೇಳಿದೆ ತಾನೇ ಎಂದು ಬೈದರು. ಆಮೇಲೆ ಸ್ವಲ್ಪ ಸ್ವಲ್ಪ ಹೇಳಿದರು. ಮಾರ್ಕೆಟ್ ಯಾರ್ಡ್ ಪಕ್ಕದ ಗುಲ್ಟೇಕಡಿಯಲ್ಲಿ ಗೆಳೆಯನೊಬ್ಬನ ಮನೆಯವರ ಗೋದಾಮು ಕಟ್ಟುತ್ತಿದ್ದಾಗ, ಕೂಲಿಯವರ ಕೂಗು ಚೆನ್ನಾಗಿದೆ ಎಂದು ಟೇಪು ಮಾಡಿಕೊಂಡದ್ದು. ಕಲ್ಲು ಬಿತ್ತು, ಯಾರಿಗೋ ಪೆಟ್ಟಾಯಿತು, ಅಷ್ಟು ಗೊತ್ತು. ಆ ಹೊತ್ತಿನಲ್ಲಿ ಬ್ಯಾಂಡಿನವರು ಯಾರೂ ಅಲ್ಲಿರಲಿಲ್ಲ. ಅವರ ಭಾಷೆ ಬರುವವರೊಬ್ಬರ ಕೈಗೆ ಮಷೀನು ಕೊಟ್ಟು ತಾವು ತಿಂಡಿಗೆ ಹೋಗಿದ್ದರಂತೆ.

ಯಾರ ಕೈಗೆ ಎಂದು ಕೇಳಿದೆ.

ನೆನಪಿಲ್ಲ ಎಂದರು. ಮಿಕ್ಕದ್ದೆಲ್ಲ ನೆನಪಿದ್ದು ಅದೊಂದು ನೆನಪಿಲ್ಲವೇ? ಅವರು ತಮ್ಮನ್ನು ಉಳಿಸಿಕೊಳ್ಳುತ್ತಿದ್ದಾರೋ, ನನ್ನನ್ನು ಉಳಿಸುತ್ತಿದ್ದಾರೋ ತಿಳಿಯಲಿಲ್ಲ. ಎರಡನೆಯದೇ ಹೆಚ್ಚು ಭಯ ಹುಟ್ಟಿಸಿತು.

ಸುಮ್ಮನಿರಬಹುದಿತ್ತು. ಇರಲಿಲ್ಲ. ಮೊದಲಿನ ಒಂದೆರಡು ಕೂಗುಗಳನ್ನಷ್ಟೇ ತೆಗೆದು ಪುಣೆಯ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಇದು ಯಾವ ಕಡೆಯ ಕೂಗು, ಯಾರಿಗಾದರೂ ಗೊತ್ತೇ ಎಂದು ಬರೆದೆ. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ನಾಲ್ಕೈದು ದಿನ ಬಿಟ್ಟು ಒಬ್ಬ ಹೆಂಗಸು ಫೋನು ಮಾಡಿದಳು. ರೇಣುಕಾ ಅಂತ, ರಾಂಜಣಗಾಂವದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ, ಮನೆ ಮಾರ್ಕೆಟ್ ಯಾರ್ಡ್ ಹಿಂದೆ ಕೂಲಿಯವರ ವಸ್ತಿಯಲ್ಲಿ.

“ಆ ಕೂಗು ನೀವು ಹಾಕಿದ್ದೇನ್ರಿ ಅಣ್ಣಾರ?”

“ಹೌದು. ಯಾರದ್ದು ಅಂತ ಗೊತ್ತಾಯ್ತಾ?”

“ನಮ್ಮವ್ವಂದದ್ರಿ. ನಾ ಎಂದೂ ಕೇಳಿದ್ದಿಲ್ರಿ ಅವ್ವ ಕೂಗೋದು. ನಾ ಹೊಟ್ಟ್ಯಾಗಿದ್ದಾಗ ಬಿಟ್ಟಾಳ. ಈ ಫೋನ್ ಹಚ್ಚಿದಾಗ ರೊಟ್ಟಿ ಬಡೀಲಾಕತ್ತಿದ್ಳು. ರೊಟ್ಟಿ ಹಂಗೇ ಬಿಟ್ಟು ಎದ್ದು ಬಂದು ನನ್ನ ಮುಂದ ನಿಂತ್ಲು.”

ಮುಂದಿನದನ್ನು ಅವಳು ಹೇಳಿದಂತೆ, ಚುಟುಕಾಗಿ ಹೇಳುತ್ತೇನೆ. ಅವಳ ತಾಯಿ ಸಿದ್ದಮ್ಮ. ಭಾರ ಎತ್ತುವಾಗ ಕೂಗು ಹಾಕುವ ಕೆಲಸ ಒಬ್ಬರದೇ. ಹಗ್ಗ ಹಿಡಿದವರು ಕಣ್ಣಿನಿಂದ ಏನನ್ನೂ ನೋಡುವುದಿಲ್ಲ, ಕೂಗನ್ನಷ್ಟೇ ಕೇಳುತ್ತಾರೆ. ಏರಿಸು ಎಂದರೆ ಏರಿಸಬೇಕು, ಎಲ್ಲಕ್ಕೂ ಕಡೆಯ ಕೂಗು ಬಿಡು, ಅದು ಬಂದರೆ ಬಿಡಬೇಕು. ಯಾಕೆ ಎಂದು ಯೋಚಿಸುವವನು ಹಗ್ಗ ಹಿಡಿಯಬಾರದು. ಆವತ್ತು ಕಲ್ಲು ಅರ್ಧಕ್ಕೆ ತೂಗುತ್ತಿದ್ದಾಗ ಸಿದ್ದಮ್ಮ ಬಿಡ್ರಪ್ಪೋ ಎಂದಳು. ಗೋಡೆಯಾಚೆ ಇದ್ದ ಗಂಡಸರು ಬಿಟ್ಟರು. ಕೆಳಗೆ ಗಾರೆ ಹಾಸುತ್ತಿದ್ದವನು ಅವಳ ಗಂಡ.

ಅವಳು ಅಂದಿನಿಂದ ಹೇಳುವುದು ಒಂದೇ ಮಾತು. ಕೂಗು ಎಂದು ಕೇಳಿಕೊಂಡರು, ಕೂಗಿದೆ. ಯಾರು ಎಂದರೆ, ಮಷೀನಿನ ಹಿಂದೆ ಒಬ್ಬ ನಿಂತಿದ್ದ, ಮುಖ ಕಾಣಲಿಲ್ಲ ಎನ್ನುತ್ತಾಳೆ. ಯಾರೂ ನಂಬಲಿಲ್ಲ. ಬಾಯಿಂದ ಗಂಡನನ್ನು ತಿಂದವಳು ಎಂದರು. ಅವಳನ್ನು ವಸ್ತಿ ಬಿಡಿಸಲಿಲ್ಲ, ಹೊಡೆಯಲಿಲ್ಲ. ಇಷ್ಟೇ, ಓಣಿಯಲ್ಲಿ ಯಾರಾದರೂ ಮಂಚವನ್ನೋ ನೀರಿನ ಪೀಪಾಯಿಯನ್ನೋ ಎತ್ತುವುದಿದ್ದರೆ, ಸಿದ್ದಮ್ಮ ಒಳಗೆ ಹೋಗು ಎನ್ನುತ್ತಾರೆ. ಅವಳು ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಈಗ ಎಪ್ಪತ್ತು ದಾಟಿದ ಮೇಲೂ.

“ಆಕೀಗಿ ಏನೂ ಬ್ಯಾಡ್ರಿ ಅಣ್ಣಾರ. ಆ ಹಗ್ಗ ಹಿಡಿದವ್ರು ಇಬ್ಬರು ಇನ್ನಾ ಅದಾರ. ಅವರು ಸಾಯೋದ್ರಾಗ ಒಂದು ಸಲ ಕೇಳಬೇಕು. ಆ ಮನಷ್ಯಾ ಕೇಳಿದ್ದು ಟೇಪಿನಾಗ ಅದ ಏನ್ರಿ?”

“ಇತ್ತು,” ಎಂದೆ. “ನಾನು ಕೇಳಿದ್ದೇನೆ.”

ಇದೆ ಎನ್ನಲಿಲ್ಲ. ಅವಳು ಆ ವ್ಯತ್ಯಾಸವನ್ನು ಗಮನಿಸಲಿಲ್ಲ. ಏನು ಕೇಳಿಕೊಂಡ, ಯಾವ ಮಾತಿನಲ್ಲಿ ಎಂಬುದನ್ನು ನಾನು ಅವಳಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಭಾನುವಾರ ಸಂಜೆ ವಸ್ತಿಗೆ ಹೋದೆ. ಫೋನು, ಒಂದು ಸಣ್ಣ ಸ್ಪೀಕರು. ಫೈಲಿನಲ್ಲಿ ಸುಯ್ಲಿನ ಹೊರತು ಏನೂ ಇಲ್ಲ ಎಂದು ಗೊತ್ತಿದ್ದೂ ಹೋದೆ. ಹೋಗಿ, ನಾನೇ ಸಾಕ್ಷಿ ಹೇಳುವುದು ಎಂದುಕೊಂಡಿದ್ದೆ. ಕಿರಿದಾದ ಓಣಿ. ಸಿದ್ದಮ್ಮನ ಬಾಗಿಲ ಮುಂದೆ ಹತ್ತಿಪ್ಪತ್ತು ಜನ. ಹಗ್ಗ ಹಿಡಿದವರಲ್ಲಿ ಉಳಿದ ಇಬ್ಬರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಬ್ಬ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಇನ್ನೊಬ್ಬ ಹಣಮಂತಪ್ಪ, ಬಿಳಿ ಟೋಪಿ, ಗಟ್ಟಿ ಮುದುಕ.

“ಆಗ ಮಷೀನ್ ತಂದು ಕೆಡಿಸಿದ್ರಿ, ಈಗ ಮಷೀನ್ ತಂದು ನ್ಯಾಯ ಮಾಡ್ಲಾಕ ಬಂದೀರಿ,” ಎಂದ. “ನನ್ನ ಕಿವಿ ಅರ್ಧ ಹೋಗ್ಯಾವ. ಜೋರ್ ಇಡ್ರಿ.”

ಸಿದ್ದಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಸಣ್ಣ ಆಕಾರ. ನನ್ನನ್ನು ಒಂದು ಸಲ ನೋಡಿ, ಸ್ಪೀಕರಿನ ಕಡೆ ತಿರುಗಿದಳು.

ಹಾಕಿದೆ. ಎಳೆಯ ದನಿಯ ಕೂಗು ಬಂದಾಗ ಹುಡುಗಿಯರಿಬ್ಬರು ಮುಸಿಮುಸಿ ನಕ್ಕರು. ಹೈಸಾ ಬಂದಾಗ ಹಣಮಂತಪ್ಪನ ತುಟಿ ತಾನಾಗಿ ಅಲ್ಲಾಡಿತು. ಆಮೇಲೆ ಆ ಸುಯ್ಲು ಬಂತು. ನನಗೆ ಕೇಳಿದ್ದು ಸುಯ್ಲು ಮಾತ್ರ, ಅಪ್ಪನಾಣೆ. ಇಲ್ಲಿ ಒಂದು ಮಾತು ಇತ್ತು, ಅಳಿಸಿಹೋಗಿದೆ ಎಂದು ಹೇಳಲು ಬಾಯಿ ತೆರೆಯುತ್ತಿದ್ದೆ...

ಓಣಿಯ ಜನರೆಲ್ಲ ಸ್ಪೀಕರಿನ ಕಡೆ ಬಗ್ಗಿದ್ದರು.

ನಕ್ಕಿದ್ದ ಹುಡುಗಿಯರು ಬಾಯಿಗೆ ಕೈ ಒತ್ತಿಕೊಂಡಿದ್ದರು. ಬಿಡ್ರಪ್ಪೋ, ಪೆಟ್ಟು, ಕೂಗಾಟ, ಎಲ್ಲ ಬಂದು ಮುಗಿಯಿತು. ಹಣಮಂತಪ್ಪ ಟೋಪಿ ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡ.

“ಆ ಮನಷ್ಯಾ ಕೇಳ್ಯಾನ,” ಎಂದ. “ಖರೇನೇ ಕೇಳ್ಯಾನ. ನಾವು ಗ್ವಾಡಿ ಆಚಿ ಕಡಿ ಇದ್ವಿ. ನಮಗ ಆಕಿ ಕೂಗೊಂದೇ ಕೇಳಿಸ್ತು.”

ಅವರೆಲ್ಲ ಏನನ್ನು ಕೇಳಿದರು? ಇಷ್ಟು ವರ್ಷ ಕಾದವರು ತಮಗೆ ಬೇಕಾದದ್ದನ್ನು ಕೇಳಿಕೊಂಡರೇ? ಹಾಗೆಂದು ತೀರ್ಮಾನಿಸಿ ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದಾಗ ರೇಣುಕಾ ಪಕ್ಕಕ್ಕೆ ಬಂದು ಪಿಸುದನಿಯಲ್ಲಿ ಕೇಳಿದಳು.

“ಅಣ್ಣಾರ, ಕಾಂಬ ಅಂದ್ರ ಏನ್ರಿ?”

ನನ್ನ ಕೈಯಿಂದ ಸ್ಪೀಕರು ಜಾರಿತು. ಅವಳೇ ಹಿಡಿದುಕೊಂಡಳು.

“ನೋಡೋಣ ಅಂತ,” ಎಂದೆ.

“ಯಾರ ಕಡಿ ಮಾತ್ರಿ ಅದು?”

“ಕುಂದಾಪುರದ ಕಡೆ.”

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಸ್ಪೀಕರನ್ನು ನನ್ನ ಕೈಗೆ ವಾಪಸು ಕೊಟ್ಟಳು. ನಾನು ಯಾವ ಕಡೆಯವನು ಎಂದು ಫೋನಿನಲ್ಲೇ ಹೇಳಿದ್ದೆ.

ಸಿದ್ದಮ್ಮನಿಗೆ ಯಾರೂ ಕ್ಷಮೆ ಕೇಳಲಿಲ್ಲ, ಅವಳು ಅಳಲೂ ಇಲ್ಲ. ಹಣಮಂತಪ್ಪ ಓಣಿಯ ತುದಿಗೆ ಕೈ ತೋರಿಸಿದ. ಗಟಾರದ ಮೇಲಿನ ಒಡೆದ ಚಪ್ಪಡಿಯ ಜಾಗಕ್ಕೆ ಹೊಸದು ತಂದು ಹಾಕಿದ್ದರು. ಎರಡು ದಿನದಿಂದ ಬಿದ್ದಿತ್ತಂತೆ.

“ಸಿದ್ದಮ್ಮ, ಆ ಕಲ್ಲು ಕೂಡಿಸಬೇಕು. ಈ ಹುಡುಗರಿಗಿ ತಾಳ ಗೊತ್ತಿಲ್ಲ, ಒಬ್ಬಂವ ಎತ್ತಿದ್ರ ಒಬ್ಬಂವ ಇಳಸ್ತಾನ. ಕೂಗ್ತೀಯೇನು?”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ನಾನು ಇಂಥ ಮಾತುಗಳಿಗೆ ಕರಗುವವನಲ್ಲ. ಆದರೂ ಅವಳು ಆ ಓಣಿಯ ನಡುವೆ ಬಂದು ನಿಂತದ್ದು, ಹುಡುಗರು ಅವಳೆದುರು ಹಗ್ಗ ಹಿಡಿದದ್ದು, ಅದನ್ನು ಕಣ್ಣು ಕೀಳದೆ ನೋಡುತ್ತ ನಿಂತೆ.

ದನಿ ಒಡೆದಿತ್ತು. ಆದರೆ ಅದೇ ದನಿ.

“ಮ್ಯಾಲ ಬರಲಿ...”

ಹೈಸಾ.

ಚಪ್ಪಡಿ ಎದ್ದಿತು, ಸರಿಯಿತು, ಗಟಾರದ ಮೇಲೆ ಬಂತು. ಅವಳು ಬಿಡ್ರಪ್ಪೋ ಎಂದಳು. ಬಿಟ್ಟೇವೋ ಎಂದು ಹಣಮಂತಪ್ಪ, ಹುಡುಗರು, ಬಾಗಿಲಲ್ಲಿ ನಿಂತ ಹೆಂಗಸರು ಕೂಡ ಅಂದರು. ಕಲ್ಲು ಕೂತಿತು. ಒಂದು ಮೂಲೆ ಮಾತ್ರ ಸ್ವಲ್ಪ ಅಲುಗುತ್ತಿತ್ತು. ಇಬ್ಬರು ಹುಡುಗರು ಹಾರೆ ಕೊಟ್ಟು ಆ ಮೂಲೆಯನ್ನು ಎತ್ತಿ ಹಿಡಿದರು. ಹಣಮಂತಪ್ಪ ಕುಕ್ಕರಗಾಲಲ್ಲಿ ಕೂತು, ಸಂದಿಗೆ ಕಲ್ಲಿನ ಚೂರು ತುರುಕಲು ಬೆರಳುಗಳನ್ನು ಒಳಗೆ ಹಾಕಿದ.

ಆಗ ಹಸಿ ಸುಣ್ಣದ ವಾಸನೆ ಬಂತು. ಆ ಓಣಿಯಲ್ಲಿ ಎಲ್ಲಿಯೂ ಸುಣ್ಣವಿರಲಿಲ್ಲ.

“ಅಮ್ಮಾ... ಇನ್ನೊಂದ್ ಸಲ ಹೇಳಿ ಕಾಂಬ.”

ಮೆಲ್ಲಗೆ. ಮರ್ಯಾದೆಯಿಂದ. ನನ್ನ ಮುಖದಷ್ಟು ಎತ್ತರದಿಂದ, ನನ್ನ ಮುಖದಷ್ಟು ಹತ್ತಿರದಿಂದ.

ಯಾರೂ ತಿರುಗಲಿಲ್ಲ. ಹಾರೆ ಹಿಡಿದ ಹುಡುಗರು ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಲೇ ಇದ್ದರು. ಸಿದ್ದಮ್ಮ ಒಬ್ಬಳೇ ಕತ್ತು ತಿರುಗಿಸಿದಳು. ಬಾಯಿ ತೆರೆದಿತ್ತು. ಎದೆ ತುಂಬ ಉಸಿರು ಎಳೆದುಕೊಂಡದ್ದು ನನಗೆ ಕಂಡಿತು. ಅವಳು ಕೂಗಿದರೆ ಹುಡುಗರು ಬಿಡುತ್ತಾರೆ. ಈಗಷ್ಟೇ ಅವರು ಅವಳ ಕೂಗಿಗೆ ಬಿಡುವುದನ್ನು ಕಲಿತಿದ್ದರು. ಹಣಮಂತಪ್ಪನ ನಾಲ್ಕೂ ಬೆರಳು ಕಲ್ಲಿನಡಿ ಇದ್ದವು.

ಅವಳು ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಹಣಮಂತಪ್ಪ ಕೈ ಹೊರಗೆ ತೆಗೆದು, ಹುಡುಗರು ಹಾರೆ ಇಳಿಸುವ ತನಕ ಹಾಗೇ ಕಚ್ಚಿಕೊಂಡಿದ್ದಳು. ಆಮೇಲೆ ಸೆರಗು ಬಿಟ್ಟು, ನನ್ನ ಕಡೆ ನೋಡುತ್ತ, ನನ್ನನ್ನೋ, ನನ್ನ ಸ್ವಲ್ಪ ಪಕ್ಕವನ್ನೋ, ಹೇಳಿದಳು.

“ಇಲ್ಲಪ್ಪ. ಸಾಕು.”

ಅಷ್ಟೇ. ಹೊಸ್ತಿಲಿಗೆ ಹೋಗಿ ಕೂತಳು. ಯಾರೋ ಅವಳಿಗೆ ಚಹಾ ತಂದುಕೊಟ್ಟರು.

ರೇಣುಕಾ ರಿಕ್ಷಾದ ತನಕ ಬಂದಳು. ಕಲ್ಲು ಕೂಡಿಸುವಾಗ ನಿನಗೇನಾದರೂ ಕೇಳಿಸಿತೇ ಎಂದು ಕೇಳಿದೆ. ಇಲ್ಲ ಎಂದಳು. ರಿಕ್ಷಾ ಹೊರಡುವಾಗ ಕಂಬಿ ಹಿಡಿದುಕೊಂಡು, ನೆಲ ನೋಡುತ್ತ ಹೇಳಿದಳು.

“ಉಪಕಾರ ಆತ್ರಿ ಅಣ್ಣಾರ. ಆದ್ರ ನೀವು ಇನ್ನ ಈ ಕಡಿ ಬರಬ್ಯಾಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ಕಲ್ಲು ಎತ್ತೋ ಮಂದಿ ನಾವು.”

ಓಣಿಯಲ್ಲಿ ಆ ದನಿ ಬಂದ ಹೊತ್ತಿನಲ್ಲಿ ನಾನು ತುಟಿ ಅಲ್ಲಾಡಿಸಿರಲಿಲ್ಲ. ಹಾಗೆಂದು ನನ್ನ ನೆನಪು.

ಸಾಠೆ ಕಾಕಾರಿಗೆ ಟೇಪು ವಾಪಸು ಕೊಟ್ಟೆ, ಕೆಲಸ ಮಾಡಲಿಲ್ಲ. ಮನೆಯಲ್ಲಿ ಅಮ್ಮನಿದ್ದಾಳೆ. ಫೈಲನ್ನು ಅವಳ ಮುಂದೆ ಹಾಕಿದರೆ, ವಸ್ತಿಯವರಿಗೆ ಕೇಳಿಸಿದ ಆ ದನಿ ಯಾರದೆಂದು ಕ್ಷಣದಲ್ಲಿ ಹೇಳುತ್ತಾಳೆ. ಹಾಕಿಲ್ಲ.

ನನ್ನ ಕಸುಬಿನಲ್ಲಿ ದಿನಕ್ಕೆ ಎಷ್ಟೋ ಸಲ, ಗಾಜಿನಾಚೆ ಕೂತು ಓದುವವರಿಗೆ ಇನ್ನೊಂದು ಸಲ ಎನ್ನಬೇಕಾಗುತ್ತದೆ. ಈಗ ಅನ್ನುವುದಿಲ್ಲ. ಬೆರಳು ಎತ್ತಿ ತೋರಿಸುತ್ತೇನೆ, ಅವರಿಗೆ ಅರ್ಥವಾಗುತ್ತದೆ. ಮೊನ್ನೆ ಮರಾಠಿ ಜಾಹೀರಾತು ಓದಲು ಹೊಸ ಹುಡುಗಿ ಬಂದಿದ್ದಳು. ಮೊದಲ ಸಲವೇ ಚೆನ್ನಾಗಿ ಓದಿದಳು. ಸಾಕು ಎಂದುಕೊಂಡು, ಬೆರಳನ್ನೂ ಎತ್ತದೆ, ನಾನು ಯಂತ್ರ ನಿಲ್ಲಿಸಲು ಬಗ್ಗಿದ್ದೆ. ಗಾಜಿನಾಚೆಯಿಂದ ಅವಳು, ‘ಹೋ ಸರ್’, ಆಗಲಿ ಸರ್, ಎಂದು ತಲೆಯಾಡಿಸಿ, ಮೊದಲಿನಿಂದ ಓದತೊಡಗಿದಳು.